ಸತ್ ಮತ್ತು ಸಂಖ್ಯೆ: ಸಿದ್ಧಾಂತಗ್ರಂಥಗಳ ಪಾಠನಿರ್ಣಯದಲ್ಲಿ ಗುಣವಿಚಾರ ಹಾಗೂ ಗಣನೆ

ವಿಶ್ವವಿದ್ಯಾಲಯಗಳ ಸಂಶೋಧನಶಾಸ್ತ್ರದಲ್ಲಿ ಎರಡು ಮಾರ್ಗಗಳನ್ನು ಹೇಳುವುದು ರೂಢಿಯಾಗಿದೆ. ವಸ್ತುವಿನ ಸ್ವರೂಪ, ಅರ್ಥ, ಸಂದರ್ಭಗಳನ್ನು ವಿವೇಚಿಸುವುದು ಗುಣಾತ್ಮಕ ಮಾರ್ಗ. ಎಣಿಸಿ, ಅಳೆದು, ಹೋಲಿಸಿ ನಿರ್ಣಯಕ್ಕೆ ಬರುವುದು ಪರಿಮಾಣಾತ್ಮಕ ಮಾರ್ಗ. ಇವೆರಡನ್ನೂ ಒಂದೇ ಅಧ್ಯಯನದಲ್ಲಿ ಕೂಡಿಸುವ ಮಿಶ್ರಪದ್ಧತಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮದ ಸಮಾಜವಿಜ್ಞಾನಗಳಲ್ಲಿ ಒಂದು ಪ್ರತ್ಯೇಕ ಶಿಸ್ತಾಗಿ ಬೆಳೆಯಿತು. ಹಸ್ತಪ್ರತಿಗಳ ಅಧ್ಯಯನಕ್ಕೆ ಇದು ಹೊರಗಿನಿಂದ ಬಂದ ವಿಷಯವೆಂದು ಭಾವಿಸುವವರುಂಟು. ಜೈನ ಶ್ರುತಪರಂಪರೆಯನ್ನು ಬಲ್ಲವರಿಗೆ ಮಾತ್ರ ಇದು ಹೊಸತಲ್ಲ. ಷಟ್ಖಂಡಾಗಮದ ಮೊದಲ ಖಂಡವಾದ ಜೀವಸ್ಥಾನವು ತನ್ನ ವಿಷಯವನ್ನು ಎಂಟು ಅನುಯೋಗದ್ವಾರಗಳಿಂದ ನಿರೂಪಿಸುತ್ತದೆ: ಸತ್, ಸಂಖ್ಯೆ, ಕ್ಷೇತ್ರ, ಸ್ಪರ್ಶನ, ಕಾಲ, ಅಂತರ, ಭಾವ, ಅಲ್ಪಬಹುತ್ವ. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿಯೂ ಇದೇ ಕ್ರಮವಿದೆ. ಮೊದಲು ವಸ್ತುವು ಉಂಟೇ, ಯಾವ ಸ್ವರೂಪದಲ್ಲಿ ಉಂಟು ಎಂಬ ವಿಚಾರ. ಆಮೇಲೆ ಅದು ಎಷ್ಟು ಎಂಬ ವಿಚಾರ. ಕಡೆಯಲ್ಲಿ ಯಾವುದಕ್ಕಿಂತ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ತುಲನೆ. ಸತ್ತನ್ನು ತಿಳಿಯದೆ ಸಂಖ್ಯೆಗೆ ಇಳಿದರೆ ಎಣಿಕೆಗೆ ವಿಷಯವೇ ಇರದು. ಸಂಖ್ಯೆಯನ್ನು ಬಿಟ್ಟರೆ ಸತ್ತಿನ ಜ್ಞಾನವು ಪರೀಕ್ಷೆಗೆ ಒಳಪಡದೆ ಉಳಿಯುತ್ತದೆ.

ಈ ಕ್ರಮವನ್ನು ಗ್ರಂಥಗಳ ಒಳಗಿನ ಪ್ರಮೇಯಕ್ಕೆ ಮಾತ್ರವಲ್ಲದೆ ಗ್ರಂಥಗಳ ಪಾಠನಿರ್ಣಯಕ್ಕೂ ಅನ್ವಯಿಸಬಹುದು. ಹಾಗೆ ಅನ್ವಯಿಸಿದಾಗ ದೊರೆಯುವ ಫಲವೇನು, ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟಾಗ ಒದಗುವ ಅಪಾಯವೇನು ಎಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತಪ್ರತಿಗಳ ಇತಿಹಾಸವೇ ಉತ್ತಮ ನಿದರ್ಶನ.

ಗ್ರಂಥಾಗ್ರ: ಲಿಪಿಕಾರನ ಗಣನೆ

ಪ್ರಾಚೀನ ಲಿಪಿಕಾರರು ಗ್ರಂಥದ ಅಳತೆಯನ್ನು ಗ್ರಂಥಾಗ್ರದಿಂದ ಹೇಳುತ್ತಿದ್ದರು. 32 ಅಕ್ಷರಗಳ ಅನುಷ್ಟುಪ್ ಶ್ಲೋಕವು ಇದರ ಮಾನ. ಕೃತಿಯು ಗದ್ಯವಾಗಿರಲಿ, ಗಾಹೆಯಾಗಿರಲಿ, ಸೂತ್ರವಾಗಿರಲಿ, ಅದರ ಒಟ್ಟು ಅಕ್ಷರಗಳನ್ನು 32ರಿಂದ ಭಾಗಿಸಿ ಇಷ್ಟು ಶ್ಲೋಕಪ್ರಮಾಣವೆಂದು ಗೊತ್ತುಮಾಡುತ್ತಿದ್ದರು. ಧವಳಾಟೀಕೆಯು 72,000, ಜಯಧವಳಾಟೀಕೆಯು 60,000 ಶ್ಲೋಕಪ್ರಮಾಣವುಳ್ಳವು ಎಂಬ ಪ್ರಸಿದ್ಧಿಯು ಈ ಗಣನೆಯಿಂದ ಬಂದುದು. ಜಯಧವಳೆಯಲ್ಲಿ 20,000 ವೀರಸೇನಾಚಾರ್ಯರದು, ಉಳಿದ 40,000 ಅವರ ಶಿಷ್ಯರಾದ ಜಿನಸೇನಾಚಾರ್ಯರದು ಎಂದು ಕರ್ತೃವಿಭಾಗವನ್ನು ಸಹ ಇದೇ ಮಾನದಿಂದ ಹೇಳಲಾಗಿದೆ.

ಗ್ರಂಥಾಗ್ರಕ್ಕೆ ಎರಡು ಪ್ರಯೋಜನಗಳಿದ್ದವು. ಲಿಪಿಕಾರನ ಸಂಭಾವನೆಯನ್ನು ಲೆಕ್ಕಹಾಕಲು ಅದು ನೆರವಾಗುತ್ತಿತ್ತು. ಪ್ರತಿಯು ಪೂರ್ಣವೋ ಅಪೂರ್ಣವೋ ಎಂಬುದನ್ನು ಅರಿಯಲು ಅದೇ ಸಾಧನವಾಗಿತ್ತು. ಉದಾಹರಣೆಗಾಗಿ ಒಂದು ಓಲೆಯ ಕಟ್ಟಿನಲ್ಲಿ 100 ಗರಿಗಳಿದ್ದು, ಪ್ರತಿ ಗರಿಯ ಎರಡೂ ಮೈಗಳಲ್ಲಿ 8 ಪಂಕ್ತಿಗಳೂ ಪ್ರತಿ ಪಂಕ್ತಿಯಲ್ಲಿ 60 ಅಕ್ಷರಗಳೂ ಇವೆಯೆಂದು ಊಹಿಸೋಣ. ಆಗ ಒಟ್ಟು 96,000 ಅಕ್ಷರಗಳಾಗಿ, ಗ್ರಂಥಾಗ್ರವು 3,000 ಆಗುತ್ತದೆ. ಕೃತಿಯ ಪ್ರಮಾಣ 3,600 ಎಂದು ಪರಂಪರೆಯಲ್ಲಿ ಹೇಳಿದ್ದರೆ ಆರರಲ್ಲೊಂದು ಭಾಗ ಕಾಣುತ್ತಿಲ್ಲವೆಂದು ತಿಳಿಯಬೇಕು. ಆದರೆ ಆ ಭಾಗವು ನಷ್ಟವಾಯಿತೇ, ಈ ಪ್ರತಿಗೆ ಮೂಲವಾದ ಪ್ರತಿಯಲ್ಲಿಯೇ ಇರಲಿಲ್ಲವೇ, ಅಥವಾ 3,600 ಎಂಬ ಸಂಖ್ಯೆಯಲ್ಲಿ ಟೀಕೆಯ ಪ್ರಮಾಣವೂ ಸೇರಿದೆಯೇ ಎಂಬುದನ್ನು ಸಂಖ್ಯೆಯು ಹೇಳಲಾರದು. ಅದಕ್ಕೆ ಗ್ರಂಥವನ್ನು ಓದಿ, ಪ್ರಕರಣಗಳ ಅನುಕ್ರಮವನ್ನು ಪರಿಶೀಲಿಸಬೇಕು.

ಷಷ್ಠಖಂಡವಾದ ಮಹಾಬಂಧದ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. ಇಂದ್ರನಂದಿಯ ಶ್ರುತಾವತಾರವು ಅದರ ಪ್ರಮಾಣವನ್ನು 30,000 ಎನ್ನುತ್ತದೆ. ಮತ್ತೊಂದು ಪರಂಪರೆಯಲ್ಲಿ 40,000 ಎಂದಿದೆ. ಮೂಡುಬಿದಿರೆಯ ತಾಡಪತ್ರಪ್ರತಿಯಲ್ಲಿ ಆದಿಭಾಗವೇ ಗರಿಯೊಡನೆ ನಷ್ಟವಾಗಿದೆ. ಎರಡು ಸಂಖ್ಯೆಗಳಲ್ಲಿ ಒಂದನ್ನು ಆರಿಸಿ, ಅದರಿಂದ ನಷ್ಟದ ಪ್ರಮಾಣವನ್ನು ಲೆಕ್ಕಿಸಲು ಹೊರಟರೆ, ಆಯ್ಕೆಯೇ ಫಲವನ್ನು ನಿರ್ಧರಿಸಿಬಿಡುತ್ತದೆ. ಆದುದರಿಂದ ಸಂಖ್ಯೆಯನ್ನೂ ಒಂದು ಪಾಠವೆಂದೇ ಎಣಿಸಿ, ಅದು ಯಾರಿಂದ, ಯಾವ ಕಾಲದಲ್ಲಿ ಬಂದಿತೆಂದು ವಿಚಾರಿಸುವುದು ಅವಶ್ಯಕ.

ಸಂಖ್ಯೆಯು ಅಕ್ಷರವನ್ನು ತಿದ್ದುವ ಪರಿ

ಗಣನೆಯು ಪಾಠಶುದ್ಧಿಗೆ ನೇರವಾಗಿ ಒದಗುವ ಸ್ಥಳವೊಂದು ಗೊಮ್ಮಟಸಾರದ ಜೀವಕಾಂಡದಲ್ಲಿದೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಒಂದು ಗಾಹೆಯಲ್ಲಿ ಅಕ್ಷರಸಂಜ್ಞೆಗಳಿಂದ ಹೇಳಿದ್ದಾರೆ. ಕಟಪಯಾದಿ ಕ್ರಮದಿಂದ ಅಕ್ಷರಗಳನ್ನು ಅಂಕಗಳಾಗಿ ಮಾಡಿ, ಬಲದಿಂದ ಎಡಕ್ಕೆ ಬರೆದರೆ 29 ಅಂಕಗಳ ಸಂಖ್ಯೆಯೊಂದು ದೊರೆಯುತ್ತದೆ: 79228162514264337593543950336. ಇದು ದ್ವಿರೂಪವರ್ಗಧಾರೆಯ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದಾಗ ಬರುವ ಲಬ್ಧ. ಎಂದರೆ ಎರಡನ್ನು 96 ಬಾರಿ ಇಟ್ಟು ಪರಸ್ಪರ ಗುಣಿಸಿದ ಫಲ.

ಇಲ್ಲಿ ಲಿಪಿಕಾರನು ತಪ್ಪಿದರೆ ಅದನ್ನು ಹಿಡಿಯಲು ಬೇರೊಂದು ಪ್ರತಿಯೇ ಬೇಕೆಂದಿಲ್ಲ. ಗಾಹೆಯ ಆರಂಭದ ಅಕ್ಷರಗಳು ಕ್ರಮವಾಗಿ 6, 3, 3, 0 ಎಂಬ ಅಂಕಗಳನ್ನು ಕೊಡಬೇಕು. ಎರಡು ಲಕಾರಗಳನ್ನು ಬೇರೆಬೇರೆಯಾಗಿ ಬರೆಯದೆ ಒತ್ತಕ್ಷರವಾಗಿ ಬರೆದರೆ, ಸಂಯುಕ್ತಾಕ್ಷರದಲ್ಲಿ ಕಡೆಯ ವ್ಯಂಜನವನ್ನಷ್ಟೆ ಎಣಿಸುವ ನಿಯಮದಿಂದ ಒಂದು 3 ಲುಪ್ತವಾಗಿ, 28 ಅಂಕಗಳು ಮಾತ್ರ ಉಳಿಯುತ್ತವೆ. ಗುಣಾಕಾರವು ಅಕ್ಷರದ ತಪ್ಪನ್ನು ತೋರಿಸಿಕೊಡುತ್ತದೆ. ಆದರೆ ಯಾವ ವರ್ಗವನ್ನು ಯಾವುದರಿಂದ ಗುಣಿಸಬೇಕೆಂಬುದನ್ನು ತಿಳಿಸುವುದು ಆಗಮದ ಅರ್ಥಜ್ಞಾನ. ಕೇಶವಣ್ಣನು 1359ರಲ್ಲಿ ಕನ್ನಡದಲ್ಲಿ ರಚಿಸಿದ ಜೀವತತ್ತ್ವಪ್ರದೀಪಿಕೆಯಂತಹ ಟೀಕೆಗಳಿಲ್ಲದಿದ್ದರೆ, ಅಲ್ಲಿ ಅಡಗಿರುವುದು ಸಂಖ್ಯೆಯೆಂಬುದೇ ಓದುಗನಿಗೆ ಹೊಳೆಯುವುದು ಕಷ್ಟ. ಟೀಕೆಯು ಸೂತ್ರಕ್ಕೆ ದಾರಿ ತೋರಿಸಿದರೆ, ಸಂಖ್ಯೆಯು ಆ ದಾರಿಯಲ್ಲಿ ನಡೆದ ಲಿಪಿಕಾರನ ಹೆಜ್ಜೆ ತಪ್ಪಿತೇ ಎಂಬುದನ್ನು ಪರೀಕ್ಷಿಸುತ್ತದೆ.

ಮೂಡುಬಿದಿರೆಯ ಪ್ರತಿಗಳೂ ಅವುಗಳ ವಂಶವೂ

ಪುಷ್ಪದಂತಾಚಾರ್ಯರು ಸತ್ಪ್ರರೂಪಣೆಯ 177 ಸೂತ್ರಗಳನ್ನು ವನವಾಸದೇಶದಲ್ಲಿ ರಚಿಸಿದರೆಂದು ಧವಳೆಯಲ್ಲಿ ಹೇಳಿದೆ. ಇದು ಕನ್ನಡನಾಡಿನ ಬನವಾಸಿಯ ಪ್ರದೇಶ. ಅವರು ಆ ಸೂತ್ರಗಳನ್ನು ಜಿನಪಾಲಿತನ ಮೂಲಕ ಭೂತಬಲಿಗಳ ಬಳಿಗೆ ಕಳುಹಿಸಿದರು. ದ್ರವ್ಯಪ್ರಮಾಣಾನುಗಮದಿಂದ ಮುಂದಿನ ರಚನೆ ಭೂತಬಲಿಗಳದು. ಹೀಗೆ ಸತ್ತನ್ನು ನಿರೂಪಿಸಿದವರು ಒಬ್ಬರು, ಸಂಖ್ಯೆಯನ್ನು ನಿರೂಪಿಸಿದವರು ಇನ್ನೊಬ್ಬರು ಎಂಬುದು ಮುಂದಿನ ವಿಚಾರಕ್ಕೆ ಮಹತ್ತ್ವದ ಅಂಶ.

ಈ ಗ್ರಂಥಗಳ ತಾಡಪತ್ರಪ್ರತಿಗಳು ಹಳಗನ್ನಡ ಲಿಪಿಯಲ್ಲಿದ್ದು, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದವು. ಧವಳೆಗೆ ಅಲ್ಲಿ ಮೂರು ಪ್ರತಿಗಳಿವೆ. ಅವುಗಳ ಪ್ರಶಸ್ತಿಯಿಂದ, ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಧವಳೆಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನ ಮಾಡಿದುದು ತಿಳಿದುಬರುತ್ತದೆ. ಶುಭಚಂದ್ರರು 1123ರಲ್ಲಿ ಸಮಾಧಿ ಹೊಂದಿದುದು ಶ್ರವಣಬೆಳ್ಗೊಳದ ಶಾಸನದಿಂದ ವಿದಿತವಾಗಿರುವುದರಿಂದ ಆ ದಾನವು ಅದಕ್ಕೆ ಪೂರ್ವದ್ದು. ಈ ಓಲೆಗಳ ವರ್ಣಚಿತ್ರಗಳು ಸಹ ಹೊಯ್ಸಳಕಾಲದ ಚಿತ್ರಕಲೆಯ ಅಪೂರ್ವ ಅವಶೇಷಗಳೆಂದು ಕಲಾವಿಮರ್ಶಕರು ಮನ್ನಿಸಿದ್ದಾರೆ.

1896ರ ಸುಮಾರಿಗೆ ಇವುಗಳ ನಕಲು ಮಾಡುವ ಕಾರ್ಯ ಆರಂಭವಾಗಿ, ಸುಮಾರು ಕಾಲು ಶತಮಾನ ನಡೆಯಿತು. ಪ್ರತಿಗಳನ್ನು ಹೊರಗೆ ಕೊಡಬಾರದೆಂಬ ಕಟ್ಟಳೆಯಿದ್ದಾಗ, ಲಿಪಿಕಾರರಲ್ಲಿ ಒಬ್ಬರಾಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಪರಿವರ್ತಿಸಿದ ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಉಳಿಸಿಕೊಂಡರು. ಅಮರಾವತಿ, ಆರಾ, ಕಾರಂಜಾ ಮೊದಲಾದ ಕಡೆಗಳಿಗೆ ಹೋದ ಪ್ರತಿಗಳು ಇದರಿಂದಲೇ ಆದವು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಳೆಯ ಪ್ರಥಮಭಾಗವನ್ನು ಪ್ರಕಟಿಸಿದಾಗ ಆಧಾರವಾಗಿದ್ದುದು ಈ ವಂಶದ ಪ್ರತಿಗಳೇ. ಮೂಡುಬಿದಿರೆಯ ಮೂಲ ಓಲೆಗಳು ಆಗ ಅವರ ಕೈಗೆ ಸಿಕ್ಕಿರಲಿಲ್ಲ.

ಇಲ್ಲಿ ಗಣನೆಯು ತಾನೊಂದೇ ಆದಾಗ ಹೇಗೆ ಭ್ರಮೆಯನ್ನು ಉಂಟುಮಾಡುತ್ತದೆಂಬುದು ಕಾಣುತ್ತದೆ. ಮೂರು ಪ್ರತಿಗಳಲ್ಲಿ ಒಂದೇ ಪಾಠವಿದ್ದರೆ ಮೂರು ಸಾಕ್ಷಿಗಳು ಒಂದನ್ನೇ ನುಡಿದರೆಂದು ಹೊರನೋಟಕ್ಕೆ ತೋರಬಹುದು. ಆದರೆ ಮೂರೂ ಒಂದೇ ತಾಯಿಪ್ರತಿಯಿಂದ ಹುಟ್ಟಿದ್ದರೆ ಸಾಕ್ಷಿಯು ಒಂದೇ. ಅದರ ದೋಷವು ಮೂರು ಬಾರಿ, ಮೂವತ್ತು ಬಾರಿ ಪುನರುಕ್ತವಾದರೂ ಪ್ರಮಾಣವಾಗುವುದಿಲ್ಲ. ಪ್ರತಿಗಳನ್ನು ಎಣಿಸುವುದಕ್ಕೆ ಮುನ್ನ ಅವುಗಳ ವಂಶವನ್ನು ಅರಿಯಬೇಕು. ವಂಶವಿಚಾರವಾದರೋ ಲಿಪಿ, ಪ್ರಶಸ್ತಿ, ಸಮಾನದೋಷಗಳ ಪರಿಶೀಲನೆಯಿಂದ ಸಾಧ್ಯವಾಗುವ ಗುಣವಿಚಾರ.

'ಸಂಜದ' ಪದದ ಪ್ರಶ್ನೆ

ಈ ಮಾತು ಬರಿಯ ತರ್ಕವಲ್ಲವೆಂಬುದನ್ನು ಸತ್ಪ್ರರೂಪಣೆಯ 93ನೆಯ ಸೂತ್ರವು ತೋರಿಸಿತು. 92ನೆಯ ಸೂತ್ರವು ಮನುಷ್ಯಿಣಿಯರಲ್ಲಿ ಮಿಥ್ಯಾದೃಷ್ಟಿ, ಸಾಸಾದನ ಎಂಬ ಎರಡು ಗುಣಸ್ಥಾನಗಳಲ್ಲಿ ಪರ್ಯಾಪ್ತರೂ ಅಪರ್ಯಾಪ್ತರೂ ಇರುವರೆಂದು ಹೇಳುತ್ತದೆ. 93ನೆಯ ಸೂತ್ರವು ನಿಯಮದಿಂದ ಪರ್ಯಾಪ್ತರೇ ಆಗಿರುವ ಗುಣಸ್ಥಾನಗಳನ್ನು ಹೇಳುತ್ತದೆ. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಈ ಸೂತ್ರವು ಮೂರನೆಯ, ನಾಲ್ಕನೆಯ, ಐದನೆಯ ಗುಣಸ್ಥಾನಗಳನ್ನು ಹೆಸರಿಸಿ ಸಂಯತಾಸಂಯತದಲ್ಲಿಯೇ ನಿಂತಿತ್ತು. ಆರನೆಯದರಿಂದ ಹದಿನಾಲ್ಕನೆಯವರೆಗಿನ ಸ್ಥಾನಗಳನ್ನು ಒಳಗೊಳ್ಳುವ 'ಸಂಜದ' ಪದವು ಇರಲಿಲ್ಲ. ಅದು ಇರಬೇಕಾಗಿತ್ತೆಂದು ತೋರುವುದಾಗಿ ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಒಂದು ಪದದ ಈ ಸೂಚನೆಯಿಂದ ಪಂಡಿತಮಂಡಲದಲ್ಲಿ ಎದ್ದ ವಾದವು 1940ರ ದಶಕದಲ್ಲಿ ಬಹಳ ಕಾಲ ನಡೆಯಿತು. ಪದವನ್ನು ಒಪ್ಪಿದರೆ ದ್ರವ್ಯಸ್ತ್ರೀಗೆ ಸಕಲಸಂಯಮವನ್ನೂ ಅದರ ಮೂಲಕ ಮುಕ್ತಿಯನ್ನೂ ದಿಗಂಬರ ಆಗಮವೇ ಹೇಳಿದಂತಾಗುವುದೆಂದು ಒಂದು ಪಕ್ಷದವರ ಶಂಕೆ. ಸೂತ್ರದ ಮನುಷ್ಯಿಣಿ ಪದವು ಭಾವವೇದವನ್ನು ಹೇಳುವುದರಿಂದ ಆಮ್ನಾಯಕ್ಕೆ ಬಾಧೆಯಿಲ್ಲವೆಂದು ಇನ್ನೊಂದು ಪಕ್ಷದವರ ಸಮಾಧಾನ. ಆಮ್ನಾಯಕ್ಕೆ ಅನುಕೂಲವೆಂದು ಪದವನ್ನು ಬಿಡುವುದಾಗಲಿ, ಪ್ರತಿಕೂಲವಲ್ಲವೆಂದು ಸೇರಿಸುವುದಾಗಲಿ ಪಾಠನಿರ್ಣಯವೆನಿಸದು. ಪಾಠವು ಪಾಠಪ್ರಮಾಣಗಳಿಂದಲೇ ನಿರ್ಣಯವಾಗಬೇಕು. ಅಂತಹ ಪ್ರಮಾಣಗಳು ಇಲ್ಲಿ ನಾಲ್ಕು ಬಗೆಯವು.

ಮೊದಲನೆಯದು ಸೂತ್ರಗಳ ಸಮಾನರಚನೆ. ಸಾಮಾನ್ಯ ಮನುಷ್ಯರನ್ನು ಹೇಳುವ 90ನೆಯ ಸೂತ್ರದಲ್ಲಿ ಸಂಯತಾಸಂಯತದ ಬೆನ್ನಿಗೇ ಸಂಯತ ಪದವಿದೆ. ಪ್ರಾಕೃತದಲ್ಲಿ ಇವೆರಡೂ ಕೂಡಿದಾಗ 'ಸಂಜದ' ಎಂಬ ಧ್ವನಿಸಮೂಹವು ಮೂರು ಬಾರಿ ಒಂದರ ಹಿಂದೊಂದು ಬರುತ್ತದೆ. ಓಲೆಯಿಂದ ಓಲೆಗೆ ಕಣ್ಣು ಹಾಯಿಸುವ ಲಿಪಿಕಾರನು ಮೂರರಲ್ಲಿ ಒಂದನ್ನು ಬಿಡುವುದು ಅತ್ಯಂತ ಸುಲಭ. ಇಲ್ಲದ ಪದವು ಬಂದು ಸೇರುವುದಕ್ಕಿಂತ ಇದ್ದ ಪದವು ಬಿಟ್ಟುಹೋಗುವುದು ಇಂತಹ ಸ್ಥಳದಲ್ಲಿ ಹೆಚ್ಚು ಸಂಭಾವ್ಯ.

ಎರಡನೆಯದು ಟೀಕೆಯ ಅಂತಸ್ಸಾಕ್ಷ್ಯ. ವೀರಸೇನಾಚಾರ್ಯರು ಇದೇ ಸೂತ್ರದ ವ್ಯಾಖ್ಯಾನದಲ್ಲಿ, ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ನಿರ್ವೃತಿಯು ಸಿದ್ಧವಾಗುವುದಲ್ಲವೇ ಎಂಬ ಪೂರ್ವಪಕ್ಷವನ್ನು ಎತ್ತಿ ನಿರಾಕರಿಸುತ್ತಾರೆ; ಹಾಗಾದರೆ ಹದಿನಾಲ್ಕು ಗುಣಸ್ಥಾನಗಳು ಹೇಗೆ ಎಂಬ ಮುಂದಿನ ಪ್ರಶ್ನೆಗೆ ಭಾವವೇದದ ನೆಲೆಯಿಂದ ಉತ್ತರ ಕೊಡುತ್ತಾರೆ. ಸೂತ್ರವು ಐದನೆಯ ಗುಣಸ್ಥಾನದಲ್ಲಿಯೇ ನಿಂತಿದ್ದರೆ ಈ ಪ್ರಶ್ನೋತ್ತರಗಳಿಗೆ ಅವಕಾಶವೇ ಇಲ್ಲ. ಟೀಕಾಕಾರರ ಕಣ್ಣಮುಂದೆ ಆ ಪದವಿತ್ತು.

ಮೂರನೆಯದು ಸಂಖ್ಯಾಪ್ರರೂಪಣೆಯ ಸಾಕ್ಷ್ಯ. ಭೂತಬಲಿಗಳು ದ್ರವ್ಯಪ್ರಮಾಣಾನುಗಮದಲ್ಲಿ ಮನುಷ್ಯಿಣಿಯರನ್ನು ಸಾಸಾದನದಿಂದ ಅಯೋಗಿಕೇವಲಿಯವರೆಗೆ ಪ್ರತಿ ಗುಣಸ್ಥಾನದಲ್ಲಿ ಎಷ್ಟೆಂದು ಪ್ರಶ್ನಿಸಿ, ಸಂಖ್ಯಾತರೆಂದು ಉತ್ತರಿಸಿದ್ದಾರೆ. ಸತ್ಪ್ರರೂಪಣೆಯಲ್ಲಿ ಇಲ್ಲದುದನ್ನು ಸಂಖ್ಯಾಪ್ರರೂಪಣೆಯು ಎಣಿಸಲಾರದು. ಎಣಿಕೆಯು ಹದಿನಾಲ್ಕನೆಯ ಸ್ಥಾನದವರೆಗೆ ಹೋಗಿದೆಯೆಂದ ಮೇಲೆ ಅಸ್ತಿತ್ವವನ್ನು ಹೇಳುವ ಸೂತ್ರವೂ ಅಲ್ಲಿಯವರೆಗೆ ಹೋಗಿರಲೇಬೇಕು. ಒಬ್ಬ ಆಚಾರ್ಯರು ಬಿಟ್ಟುಕೊಟ್ಟ ಸತ್ತಿನ ಸೂತ್ರಕ್ಕೆ ಇನ್ನೊಬ್ಬ ಆಚಾರ್ಯರ ಸಂಖ್ಯೆಯ ಸೂತ್ರವು ಹೀಗೆ ಕಾವಲಾಗಿ ನಿಂತಿದೆ.

ನಾಲ್ಕನೆಯದು ಮೂಲಪ್ರತಿಯ ಸಾಕ್ಷ್ಯ. ಕಾಲಕ್ರಮದಲ್ಲಿ ಮೂಡುಬಿದಿರೆಯ ಭಟ್ಟಾರಕರ ಹಾಗೂ ಪಂಚರ ಸಹಕಾರವು ದೊರೆತು, ಪಂ. ಲೋಕನಾಥ ಶಾಸ್ತ್ರಿಗಳೇ ಮೊದಲಾದ ಅಲ್ಲಿನ ವಿದ್ವಾಂಸರು ಮುದ್ರಿತಪಾಠವನ್ನು ತಾಡಪತ್ರಗಳೊಡನೆ ತಾಳೆನೋಡಿದರು. ಓಲೆಯಲ್ಲಿ 'ಸಂಜದ' ಪದವು ಇದ್ದಿತು. ಉತ್ತರದ ಪ್ರತಿಗಳೆಲ್ಲವೂ ಒಂದಾಗಿ ಬಿಟ್ಟಿದ್ದುದನ್ನು ತುಳುನಾಡಿನ ಓಲೆಯು ಉಳಿಸಿಕೊಂಡಿತ್ತು. ಮುಂದಿನ ಪರಿಷ್ಕೃತ ಮುದ್ರಣದಲ್ಲಿ ಆ ಪದವು ಮೂಲದಲ್ಲಿಯೇ ಸ್ಥಾನ ಪಡೆಯಿತು.

ಪ್ರತಿಗಳ ಬಹುಸಂಖ್ಯೆಯನ್ನೇ ನೆಚ್ಚಿದ್ದರೆ ಪದವು ಶಾಶ್ವತವಾಗಿ ಕಳೆದುಹೋಗುತ್ತಿತ್ತು. ಸಿದ್ಧಾಂತದ ಅನುಕೂಲವನ್ನೇ ನೆಚ್ಚಿದ್ದರೆ ಇಬ್ಬರು ಪಂಡಿತರು ಎರಡು ಪಾಠಗಳನ್ನು ಹಿಡಿದು ಕುಳಿತಿರುತ್ತಿದ್ದರು. ಸೂತ್ರರಚನೆ, ಟೀಕೆ, ಸಂಖ್ಯೆ, ಪ್ರತಿವಂಶ ಎಂಬ ಪರಸ್ಪರ ಸ್ವತಂತ್ರವಾದ ಪ್ರಮಾಣಗಳು ಒಂದೇ ಕಡೆಗೆ ಬೆರಳುಮಾಡಿದುದರಿಂದ ನಿರ್ಣಯವು ದೃಢವಾಯಿತು. ಶ್ರಾವಿಕೆಯೊಬ್ಬಳ ನೋಂಪಿಯ ಶಾಸ್ತ್ರದಾನವೂ ಸೇರಿದ ಓಲೆಗಳ ಭಂಡಾರದಲ್ಲಿ, ಮನುಷ್ಯಿಣಿಯರ ವಿಷಯವಾದ ಸೂತ್ರವು ತನ್ನ ಪೂರ್ಣರೂಪದಲ್ಲಿ ಉಳಿದು ಬಂದುದು ಸ್ಮರಣೀಯ.

ಧವಳೆಯ ಕಾಲ: ಲೆಕ್ಕವೂ ಓದೂ

ಎರಡು ಮಾರ್ಗಗಳು ಕೂಡಿದರೂ ಎಲ್ಲ ಪ್ರಶ್ನೆಗಳೂ ಮುಗಿಯುವುದಿಲ್ಲವೆಂಬುದಕ್ಕೆ ಧವಳೆಯ ಕಾಲವಿಚಾರವು ನಿದರ್ಶನ. ಅಂತ್ಯಪ್ರಶಸ್ತಿಯ ಗಾಹೆಗಳಲ್ಲಿ ವರ್ಷ, ಕಾರ್ತಿಕ ಶುಕ್ಲ ತ್ರಯೋದಶಿ, ಗ್ರಹಸ್ಥಿತಿ, ಜಗತ್ತುಂಗನ ಹೆಸರು ಇವೆ. ಪಾಠವು ಮಾತ್ರ ಭ್ರಷ್ಟವಾಗಿದೆ. ಹೀರಾಲಾಲ ಜೈನರು ಅದನ್ನು ಶಕ 738 ಎಂದು ಶೋಧಿಸಿ ಕ್ರಿ.ಶ. 816 ಎಂದು ನಿರ್ಣಯಿಸಿದರು. ಡಾ. ಜ್ಯೋತಿಪ್ರಸಾದ ಜೈನರು ವಿಕ್ರಮ ಸಂವತ್ 838 ಎಂದು ಓದಿ ಕ್ರಿ.ಶ. 780 ಎಂದರು. ಅಕ್ಷರದ ಓದು ಬದಲಾದರೆ ಗಣಿತದ ಆರಂಭಬಿಂದು ಬದಲಾಗುತ್ತದೆ. ಗಣಿತದ ಫಲವನ್ನು ನೋಡಿ ಅಕ್ಷರವನ್ನು ಶೋಧಿಸುವ ಪ್ರವೃತ್ತಿಯೂ ಇರುತ್ತದೆ.

ಜಯಧವಳೆಯು ಶಕ 759ರಲ್ಲಿ, ಎಂದರೆ 837ರಲ್ಲಿ, ಮುಗಿದುದು ನಿಶ್ಚಿತ. ಧವಳೆಯ ಸಮಾಪ್ತಿ 816 ಎಂದಾದರೆ 60,000 ಶ್ಲೋಕಪ್ರಮಾಣದ ಜಯಧವಳೆಗೆ 21 ವರ್ಷಗಳು ಸಂದವು. ವರ್ಷಕ್ಕೆ ಸುಮಾರು 2,850. ಇದೇ ವೇಗದಲ್ಲಿ 72,000ದ ಧವಳೆಗೆ ಸುಮಾರು 25 ವರ್ಷಗಳು ಬೇಕು. ಅದರ ಆರಂಭವು 791ರ ಸುಮಾರಿಗೆ ಬೀಳುತ್ತದೆ. 780 ಎಂದಾದರೆ ಜಯಧವಳೆಗೆ 57 ವರ್ಷಗಳು. ವರ್ಷಕ್ಕೆ ಸುಮಾರು 1,050. ಆ ವೇಗದಲ್ಲಿ ಧವಳೆಗೆ 68 ವರ್ಷಗಳಿಗೂ ಮಿಕ್ಕಿ ಬೇಕಾಗುವುದು. ಒಬ್ಬ ಆಚಾರ್ಯರ ಜೀವಿತದಲ್ಲಿ ಅದು ದುಸ್ಸಾಧ್ಯ.

ಈ ಲೆಕ್ಕವು 816ರ ಕಡೆಗೆ ಒಲಿಯುತ್ತದೆಯೆಂದು ಹೇಳಬಹುದು, ಸಿದ್ಧಪಡಿಸುತ್ತದೆಯೆಂದು ಹೇಳಲಾಗದು. ಜಯಧವಳೆಯನ್ನು ಇಬ್ಬರು ರಚಿಸಿದರು. ಗುರುಗಳ ಅವಸಾನದ ಬಳಿಕ ಶಿಷ್ಯರು ಕಾರ್ಯವನ್ನು ಕೈಗೊಳ್ಳುವ ನಡುವೆ ವರ್ಷಗಳು ಸಂದಿರಬಹುದು. ಒಂದೇ ವೇಗವೆಂಬ ಊಹೆಯು ಲೆಕ್ಕದ ಒಳಗಿಲ್ಲ, ಲೆಕ್ಕಹಾಕುವವನ ಮನಸ್ಸಿನಲ್ಲಿದೆ. ಊಹೆಯನ್ನು ಊಹೆಯೆಂದು ಸ್ಪಷ್ಟವಾಗಿ ಹೇಳಿ ಲೆಕ್ಕವನ್ನು ಮುಂದಿಟ್ಟರೆ ಅದು ಉಪಕಾರಿ. ಅದನ್ನು ಮರೆಮಾಡಿದರೆ ಅಂಕಿಗಳಿಗೆ ಸಲ್ಲದ ಗೌರವವು ಸಲ್ಲುತ್ತದೆ.

ಶಾಸನಗಳ ಎಣಿಕೆಯ ಮಿತಿ

ಹಸ್ತಪ್ರತಿಗಳ ಜೊತೆಗೆ ಶಾಸನಗಳನ್ನೂ ಬಳಸುವ ಸಂಶೋಧಕರಿಗೆ ಇದೇ ಎಚ್ಚರವು ಬೇಕು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳ್ಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ 500 ಆದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಪರಿಷ್ಕರಣದಲ್ಲಿ 573 ಇವೆ: ಚಿಕ್ಕಬೆಟ್ಟದಲ್ಲಿ 271, ದೊಡ್ಡಬೆಟ್ಟದಲ್ಲಿ 172, ಊರಿನಲ್ಲಿ 80, ಸುತ್ತಣ ಗ್ರಾಮಗಳಲ್ಲಿ 50. ಎಂಬತ್ತನಾಲ್ಕು ವರ್ಷಗಳಲ್ಲಿ ಸಂಖ್ಯೆಯು ನಾಲ್ಕು ಪಟ್ಟಾಯಿತು. ಬೆಳೆದುದು ಹುಡುಕುವವರ ಶ್ರಮ, ಕ್ಷೇತ್ರದ ಪ್ರಾಚೀನತೆಯಲ್ಲ. ಯಾವ ಶತಮಾನದಲ್ಲಿ ಎಷ್ಟು ಸಲ್ಲೇಖನಗಳು ನಡೆದವೆಂದು ಶಾಸನಗಳನ್ನು ಎಣಿಸಿ ಹೇಳುವಾಗ, ಎಣಿಸಿದುದು ಸಲ್ಲೇಖನಗಳನ್ನಲ್ಲ, ಬರೆಯಲ್ಪಟ್ಟು ಉಳಿದು ದೊರೆತ ನಿಷಿಧಿಗಳನ್ನು ಎಂಬ ವಿವೇಕವಿರಬೇಕು. ಕ್ರಿ.ಶ. 600ರ ಸುಮಾರಿನ ಮೊದಲ ಶಾಸನವೇ ಏಳುನೂರು ಋಷಿಗಳು ಅಲ್ಲಿ ಆರಾಧನೆಯನ್ನು ಸಾಧಿಸಿದರೆಂದು ಹೇಳುತ್ತದೆ. ಅದನ್ನು ನಿಜವಾದ ಗಣನೆಯೆಂದು ತೆಗೆದುಕೊಳ್ಳಬೇಕೋ ಬಹುತ್ವಸೂಚಕವೆಂದು ತಿಳಿಯಬೇಕೋ ಎಂಬುದು ಶಾಸನದ ಶೈಲಿಯನ್ನು ಓದಿ ನಿರ್ಣಯಿಸಬೇಕಾದ ವಿಷಯ. ಡಾ. ಷ. ಶೆಟ್ಟರ್ ಅವರು 1986ರಲ್ಲಿಯೂ 1990ರಲ್ಲಿಯೂ ಪ್ರಕಟಿಸಿದ ಸಲ್ಲೇಖನ ವಿಷಯಕ ಗ್ರಂಥಗಳ ಬೆಲೆಯು, ಶಾಸನಗಳ ವರ್ಗೀಕರಣವನ್ನು ಆರಾಧನಾಗ್ರಂಥಗಳ ವಿಧಿವಿಚಾರದೊಡನೆ ಸೇರಿಸಿ ನೋಡಿದುದರಲ್ಲಿದೆ.

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದು ಲೋಕಪ್ರಸಿದ್ಧ. ಇಂದಿಗೆ ಉಳಿದಿರುವ ಪ್ರತಿಗಳು ಆ ಸಂಖ್ಯೆಯ ಹತ್ತಿರಕ್ಕೂ ಬಾರವು. ಉಳಿದವನ್ನು ಎಣಿಸಿ ಆ ಕಾವ್ಯದ ಪ್ರಚಾರವನ್ನು ಅಳೆಯಹೊರಟರೆ ಫಲವು ವಿಪರೀತವಾಗುವುದು.

ಬೆಂಗಳೂರಿನ ಸುತ್ತಣ ಪ್ರದೇಶಕ್ಕೂ ಈ ಮಾತು ಸಲ್ಲುತ್ತದೆ. ನಗರದ ವಾಯವ್ಯಕ್ಕೆ ಪೀಣ್ಯ, ಬಾಗಲಗುಂಟೆಗಳ ಕಡೆ ಹೊಲಗದ್ದೆಗಳಿದ್ದಲ್ಲಿ ಕಾರ್ಖಾನೆಗಳೂ ಬಡಾವಣೆಗಳೂ ಎದ್ದಿವೆ. ಅದೇ ದಿಕ್ಕಿನಲ್ಲಿ ಮುಂದಕ್ಕೆ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಮಾನ್ಯಪುರ. ಗಂಗ ಮಾರಸಿಂಹನ ಕಾಲದ 797ರ ತಾಮ್ರಪಟವೂ ರಾಷ್ಟ್ರಕೂಟರ ಕಾಲದ 802ರ ತಾಮ್ರಪಟವೂ ಅಲ್ಲಿ ಶ್ರೀವಿಜಯನು ಕಟ್ಟಿಸಿದ ಜಿನಾಲಯಕ್ಕೆ ಸಂಬಂಧಿಸಿದವು. ಸಂಖ್ಯೆಯಿಂದ ಎರಡೇ, ಆದರೆ ವೀರಸೇನಾಚಾರ್ಯರ ಸಮಕಾಲದಲ್ಲಿ ಈ ಪ್ರಾಂತದ ಜೈನಸಂಘದ ಸ್ಥಿತಿಯನ್ನು ತಿಳಿಸುವಲ್ಲಿ ನೂರು ಕಿರುಶಾಸನಗಳಿಗೂ ಮಿಗಿಲು. ನೆರೆಯ ಒಂದು ಗ್ರಾಮದಲ್ಲಿ ಶಾಸನ ದೊರೆತಿಲ್ಲವೆಂಬ ಮಾತ್ರದಿಂದ ಅಲ್ಲಿ ಬಸದಿ ಇರಲಿಲ್ಲವೆನ್ನುವುದು ಅನುಪಲಬ್ಧಿಯನ್ನು ಅಭಾವವೆಂದು ತಿಳಿದಂತೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಕಾರ್ಯದಲ್ಲಿ ಕಲ್ಲಿನ ಮೇಲ್ಮೈಯನ್ನು ಅತಿ ಸೂಕ್ಷ್ಮವಾಗಿ ಅಳೆದು, ಕಣ್ಣಿಗೆ ಮಸುಕಾದ ಅಕ್ಷರಗಳನ್ನು ಓದಲು ಅನುವು ಮಾಡಲಾಗುತ್ತದೆ. ಅಳತೆಯು ಯಂತ್ರದ್ದು; ಅಳೆದ ಗೆರೆಯು ಯಾವ ಅಕ್ಷರವೆಂದು ಹೇಳುವುದು ಲಿಪಿಜ್ಞನ ವಿದ್ಯೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹಸ್ತಪ್ರತಿ ಸಂಶೋಧನೆಗೆ ಕೆಲವು ನಿಯಮಗಳು ಫಲಿಸುತ್ತವೆ. ಪ್ರತಿಗಳನ್ನು ಎಣಿಸುವ ಮೊದಲು ಅವುಗಳ ವಂಶವನ್ನು ನಿರ್ಣಯಿಸಬೇಕು. ಗ್ರಂಥಾಗ್ರ, ಗರಿ, ಪಂಕ್ತಿ, ಅಕ್ಷರಗಳ ಲೆಕ್ಕವನ್ನು ಪ್ರತಿಯೊಂದು ಸೂಚಿಯಲ್ಲಿಯೂ ಕೊಡಬೇಕು. ಏಕೆಂದರೆ ಲೋಪವನ್ನು ಮೊದಲು ತೋರುವುದು ಅದು. ಸಂಖ್ಯೆಯನ್ನು ಹೇಳುವ ವಾಕ್ಯವನ್ನೂ ಪಾಠದಂತೆಯೇ ಶೋಧಿಸಬೇಕು. ಲೆಕ್ಕದ ಹಿಂದಿರುವ ಊಹೆಯನ್ನು ಲೆಕ್ಕದ ಜೊತೆಯಲ್ಲಿಯೇ ಹೇಳಬೇಕು. ಎಣಿಕೆಯೂ ಅರ್ಥವಿಚಾರವೂ ಪರಸ್ಪರ ವಿರೋಧಿಸಿದಲ್ಲಿ ಒಂದನ್ನು ಅಡಗಿಸಿ ಇನ್ನೊಂದನ್ನು ಗೆಲ್ಲಿಸದೆ, ಮೂಲ ಓಲೆಯ ಬಳಿಗೆ ಮರಳಬೇಕು.

ಕರ್ನಾಟಕದ ಮಠಗಳಲ್ಲಿಯೂ ಬಸದಿಗಳಲ್ಲಿಯೂ ಮನೆತನಗಳಲ್ಲಿಯೂ ಇನ್ನೂ ತಾಳೆನೋಡದ ಓಲೆಗಳು ಉಳಿದಿವೆ. ಅವುಗಳ ಛಾಯಾಪ್ರತಿಗಳನ್ನು ತೆಗೆದು ಸಂಖ್ಯೆಯನ್ನು ದಾಖಲೆ ಮಾಡುವ ಕೆಲಸವು ಭರದಿಂದ ಸಾಗಿದೆ. ಅವನ್ನು ಓದಬಲ್ಲವರ ಸಂಖ್ಯೆಯು ಇಳಿಯುತ್ತಿದೆ. ಈ ಅಲ್ಪಬಹುತ್ವವನ್ನು ಸರಿಪಡಿಸದಿದ್ದರೆ, ಇನ್ನೊಂದು 'ಸಂಜದ' ಪದವು ಯಾವುದೋ ಗರಿಯಲ್ಲಿ ಇದ್ದೂ ಇಲ್ಲದಂತೆ ಉಳಿದೀತು. ಪ್ರಾಕೃತವನ್ನೂ ಹಳಗನ್ನಡ ಲಿಪಿಯನ್ನೂ ಕರ್ಮಸಿದ್ಧಾಂತವನ್ನೂ ಒಟ್ಟಿಗೆ ಬಲ್ಲ ತರುಣರನ್ನು ಸಿದ್ಧಪಡಿಸುವುದು ಶ್ರುತಭಕ್ತರಾದ ಸಂಸ್ಥೆಗಳೆಲ್ಲವುಗಳ ಮೊದಲ ಕರ್ತವ್ಯ.